ನಿಗಮಕ್ಕಾದ ನಷ್ಟ ನೌಕರನ ಸಂಬಳದಿಂದ ವಸೂಲಿ: ದಾವಣಗೆರೆ, ಚಿತ್ರದುರ್ಗದ ನೌಕರರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲ ಅಲ್ಲ. ಒಂದು ನಿಗಮದ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ವಸೂಲಿ ಆದೇಶಗಳನ್ನು ನಾನೇ ಟೈಪ್ ಮಾಡಿಸಿದ್ದುಂಟು. ಒಮ್ಮೆ ನನ್ನ ಮೇಲೇ ಅಂಥ ಆದೇಶ ಬಂದು ಎರಡು ವರ್ಷ ಅಲೆದದ್ದೂ ಉಂಟು. ಈಗ ದಾವಣಗೆರೆಯ ನಮ್ಮ ಮನೆಗೆ ವಾರಕ್ಕೆ ಒಬ್ಬಿಬ್ಬರಾದರೂ ನೋಟಿಸ್ ಹಿಡಿದುಕೊಂಡು ಬರುತ್ತಾರೆ. ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರು ಕಡೆಯಿಂದಲೂ ಬರುತ್ತಾರೆ. ಬಸ್ಸಿನವರು, ಕರೆಂಟಿನವರು, ಗೋದಾಮಿನವರು ಯಾರೇ ಇರಲಿ, ಕೇಳುವುದು ಹೆಚ್ಚು ಕಮ್ಮಿ ಇವೇ ಪ್ರಶ್ನೆಗಳು. ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ. ಕೇಸ್ ಹಾಕುವ ಮುಂಚೆ ವಕೀಲರನ್ನು ಕಾಣಲೇಬೇಕು. ಆದರೆ ಅವರ ಎದುರು ಕೂರುವ ಹೊತ್ತಿಗೆ ನಿಮ್ಮ ಕೈಯಲ್ಲಿ ಸರಿಯಾದ ಕಾಗದ ಇರಬೇಕಲ್ವಾ?

ಈ ತಿಂಗಳ ಸಂಬಳದಲ್ಲಿ ಐದು ಸಾವಿರ ಹಿಡಿದಿದ್ದಾರೆ. ಮುಂಚೆ ಒಂದು ಮಾತೂ ಹೇಳಿಲ್ಲ. ಹಾಗೆ ಮಾಡಬಹುದಾ?

ಮಾಡುವಂತಿಲ್ಲ. ನಷ್ಟದ ವಸೂಲಿ ಎಂದರೆ ಬರೀ ಲೆಕ್ಕ ಸರಿಮಾಡುವ ಕೆಲಸ ಅಲ್ಲ, ಅದೊಂದು ಶಿಕ್ಷೆ. ರಾಜ್ಯ ಸರ್ಕಾರಿ ನೌಕರರ 1957ರ ಶಿಸ್ತು ನಿಯಮಗಳಲ್ಲಿ ಅದು ದಂಡನೆಗಳ ಪಟ್ಟಿಯಲ್ಲೇ ಇದೆ. ನಿಗಮಗಳಿಗೂ ಇಂಥದ್ದೇ ಸ್ವಂತ ನಿಯಮಗಳಿವೆ. ಸಾರಿಗೆ ನಿಗಮದವರಿಗೆ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ, ಬೆಸ್ಕಾಂನವರಿಗೆ ಹಳೆಯ ವಿದ್ಯುತ್ ಮಂಡಳಿಯ ಕಾಲದ 1987ರ ನಿಯಮಾವಳಿ. ಶಿಕ್ಷೆ ಅಂದ ಮೇಲೆ ಮೊದಲು ಆರೋಪ ಏನು ಅಂತ ಹೇಳಬೇಕು, ನಿಮ್ಮ ಉತ್ತರ ಕೇಳಬೇಕು, ಆ ಉತ್ತರ ಯಾಕೆ ಒಪ್ಪಲಿಲ್ಲ ಅಂತ ಆದೇಶದಲ್ಲಿ ಬರೆಯಬೇಕು.

ಇದು ಸಣ್ಣ ದಂಡನೆ, ವಿಚಾರಣೆ ಬೇಕಿಲ್ಲ ಅಂತ ಕಚೇರಿಯಲ್ಲಿ ಹೇಳುತ್ತಾರೆ. ಅರ್ಧ ಮಾತ್ರ ಸರಿ. ಆರೋಪದ ಸಂಗತಿಯನ್ನೇ ನೀವು ಅಲ್ಲಗಳೆದರೆ, ಸಣ್ಣ ದಂಡನೆಗೂ ವಿಚಾರಣೆ ನಡೆಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಉತ್ತರದಲ್ಲಿ ‘ಆರೋಪವನ್ನು ನಿರಾಕರಿಸುತ್ತೇನೆ, ವಿಚಾರಣೆ ನಡೆಸಬೇಕೆಂದು ಕೋರುತ್ತೇನೆ’ ಎಂಬ ಎರಡು ಮಾತು ಇರಲೇಬೇಕು. ತುಂಬಾ ಜನ ‘ದಯವಿಟ್ಟು ಮನ್ನಿಸಿ’ ಅಂತ ಶುರು ಮಾಡುತ್ತಾರೆ. ಆ ಒಂದು ಪದ ಮುಂದೆ ಕೋರ್ಟಿನಲ್ಲಿ ತಪ್ಪೊಪ್ಪಿಗೆಯ ಹಾಗೆ ಕಾಣುತ್ತದೆ.

ಸಂಬಳದ ಕಾನೂನೂ ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದು, ಈಗಿನ ವೇತನ ಸಂಹಿತೆಯಲ್ಲೂ ಮುಂದುವರಿದಿದೆ: ನಿಮ್ಮ ಸುಪರ್ದಿಗೆ ಕೊಟ್ಟ ವಸ್ತುವೋ ಹಣವೋ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದ ಹೋಗಿರಬೇಕು, ನಿಮಗೆ ಹೇಳಿಕೊಳ್ಳಲು ಅವಕಾಶ ಕೊಟ್ಟಿರಬೇಕು, ಕಡಿತ ನಷ್ಟದ ಮೊತ್ತ ಮೀರಬಾರದು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು. ನಿಮ್ಮ ಸಂಬಳಕ್ಕೆ ಈ ಕಾನೂನು ಅನ್ವಯವಾಗುತ್ತದಾ ಅಂತ ವಕೀಲರ ಹತ್ತಿರ ಕೇಳಿಕೊಳ್ಳಿ.

ನೋಟಿಸ್ ಬಂದಿದೆ, ಏಳು ದಿನ ಕೊಟ್ಟಿದ್ದಾರೆ. ಮೊದಲು ಏನು ಮಾಡಲಿ?

ನೋಟಿಸ್ ಕೈಗೆ ಬಂದ ದಿನಾಂಕವನ್ನು ಅದರ ಮೇಲೇ ಬರೆದು ಸಹಿ ಹಾಕಿ. ಲಕೋಟೆ ಎಸೆಯಬೇಡಿ. ನಂತರ ಒಂದೇ ಪುಟದ ಅರ್ಜಿ ಕೊಡಿ: ಯಾವ ದಾಖಲೆ ನೋಡಿ ಈ ಮೊತ್ತ ಹಾಕಿದ್ದೀರಿ, ಅದರ ಪ್ರತಿ ಕೊಡಿ, ಪ್ರತಿ ಕೊಟ್ಟ ಮೇಲೆ ಉತ್ತರಕ್ಕೆ ಹದಿನೈದು ದಿನ ಕೊಡಿ. ಟಪಾಲಿನಲ್ಲಿ ಕೊಟ್ಟು ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್. ದಾಖಲೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಹೋದ ಬೇಸಿಗೆಯಲ್ಲಿ ಒಬ್ಬರು ಬಂದಿದ್ದರು. ಪ್ಲಾಸ್ಟಿಕ್ ಕವರ್ ತುಂಬಾ ತೂಕದ ಚೀಟಿ. ಎಲ್ಲಾ ಜೋಪಾನವಾಗಿ ದಿನಾಂಕದ ಪ್ರಕಾರ ಪಿನ್ ಮಾಡಿದ್ದರು. ಒಂದೊಂದೇ ತೆಗೆದು ಮೇಜಿನ ಮೇಲೆ ಹರಡಿದರೆ ಅಕ್ಷರವೇ ಇಲ್ಲ. ಲಾರಿ ತೂಗುವ ವೇಬ್ರಿಡ್ಜಿನ ಮೆಷಿನ್ ಕೊಡುವ ನುಣುಪು ಕಾಗದ ಅದು. ಬಿಸಿಲಿಗೆ, ಶಾಖಕ್ಕೆ ಮಾಸಿ ಬೆಳ್ಳಗಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಎರಡು ಮೂರು ಚೀಟಿಯಲ್ಲಿ ಲಾರಿ ನಂಬರ್ ಮಾತ್ರ ಮಸುಕಾಗಿ ಕಾಣುತ್ತಿತ್ತು. ಆ ಮನುಷ್ಯ ಏನೂ ಮಾತಾಡದೆ ಚೀಟಿಗಳನ್ನು ಮತ್ತೆ ಕವರಿಗೆ ತುಂಬಿಕೊಂಡರು. ಅವತ್ತಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ: ತೂಕದ ಚೀಟಿ, ಟಿಕೆಟ್ ಮೆಷಿನ್ನಿನ ರಿಪೋರ್ಟ್, ಎಟಿಎಂ ಚೀಟಿ ಯಾವುದೇ ಇರಲಿ, ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲಿ ಫೋಟೋನೂ ಇರಲಿ.

‘ಸುಮ್ನೆ ಒಪ್ಪಿಗೆ ಬರೆದುಕೊಡು, ಕಂತಿನಲ್ಲಿ ಹಿಡಿದುಕೊಳ್ತೀವಿ, ವಿಷಯ ಮುಗಿಸೋಣ’ ಅಂತಿದ್ದಾರೆ. ಕೊಡಬಹುದಾ?

ತಪ್ಪು ನಿಮ್ಮದೇ, ಮೊತ್ತವೂ ಸರಿ ಅಂತ ನಿಮಗೆ ಗೊತ್ತಿದ್ದರೆ ಕೊಡಿ. ಇಲ್ಲವಾದರೆ ಬೇಡ. ನನ್ನ ಕೇಸಿನಲ್ಲಿ ಆದದ್ದೇ ಇದು. ಸಂಜೆ ಆರು ಗಂಟೆ, ಕಚೇರಿ ಖಾಲಿ, ಮೇಲಿನವರು ಎದುರಿಗೆ ಕೂತು ಬಿಳಿ ಹಾಳೆ ಕೊಟ್ಟರು. ಮನೆಯಲ್ಲಿ ಮಗಳಿಗೆ ಜ್ವರ. ನಾಲ್ಕು ಸಾಲು ಬರೆದು ಸಹಿ ಹಾಕಿ ಎದ್ದು ಬಂದೆ. ನಗದು ಪೆಟ್ಟಿಗೆಯ ಎರಡನೇ ಕೀಲಿ ಯಾರ ಹತ್ತಿರ ಇತ್ತು ಅನ್ನುವ ಪ್ರಶ್ನೆಯನ್ನು ಆಮೇಲೆ ಯಾರೂ ಕೇಳಲೇ ಇಲ್ಲ. ನನ್ನ ನಾಲ್ಕು ಸಾಲು ಇತ್ತಲ್ಲ, ಅಷ್ಟೇ ಸಾಕಾಯಿತು. ಅದನ್ನು ಬಿಡಿಸಿಕೊಳ್ಳಲು ಎರಡು ವರ್ಷ ಬೇಕಾಯಿತು.

ಆಗಲೇ ಬರೆದುಕೊಟ್ಟಿದ್ದರೆ ತಡಮಾಡಬೇಡಿ. ಯಾವ ಪರಿಸ್ಥಿತಿಯಲ್ಲಿ ಬರೆಸಿಕೊಂಡರು ಅಂತ ಒಂದೆರಡು ದಿನದೊಳಗೇ ಮೇಲಧಿಕಾರಿಗೆ ಬರೆದು, ಹೇಳಿಕೆ ಹಿಂತೆಗೆದುಕೊಳ್ಳಿ. ಆರು ತಿಂಗಳು ಬಿಟ್ಟು ಬರೆದರೆ ನಂಬುವವರು ಕಡಿಮೆ.

ನಾನು ಗೋದಾಮು ನೋಡಿಕೊಳ್ಳುತ್ತಿದ್ದೆ. ಮೆಕ್ಕೆಜೋಳದ ತೂಕ ಕಮ್ಮಿ ಬಂತು. ಪೂರ್ತಿ ನನ್ನ ಮೇಲೆ ಹಾಕಿದ್ದಾರೆ.

ದಾವಣಗೆರೆ ಸೀಮೆಯಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಇಲ್ಲಿ ಮೆಕ್ಕೆಜೋಳ ಬಿಟ್ಟು ಮಾತೇ ಇಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಂಬಲ ಬೆಲೆಗೆ ಕೊಳ್ಳುವಾಗ ಮೆಕ್ಕೆಜೋಳದಲ್ಲಿ ಶೇ. 14ರವರೆಗೆ ತೇವಾಂಶ ಇದ್ದರೂ ತೆಗೆದುಕೊಳ್ಳುತ್ತಾರೆ. ಮಾಗಿಯಲ್ಲಿ ಬಂದ ಮಾಲು ಬೇಸಿಗೆ ಕಳೆಯುವಷ್ಟರಲ್ಲಿ ಒಣಗುತ್ತದೆ. 1000 ಕ್ವಿಂಟಲ್ ಮಾಲು ಶೇ. 14 ತೇವಾಂಶದಲ್ಲಿ ಒಳಗೆ ಹೋಯಿತು ಅಂದುಕೊಳ್ಳಿ. ಅದರಲ್ಲಿ ಒಣ ಕಾಳು 860 ಕ್ವಿಂಟಲ್, ನೀರು 140 ಕ್ವಿಂಟಲ್. ಹೊರಗೆ ಬರುವಾಗ ತೇವಾಂಶ ಶೇ. 12ಕ್ಕೆ ಇಳಿದಿದ್ದರೆ, ಅದೇ 860 ಕ್ವಿಂಟಲ್ ಒಣ ಕಾಳು ಈಗ ಒಟ್ಟು ತೂಕದ ಶೇ. 88. ಲೆಕ್ಕ ಹಾಕಿದರೆ ಒಟ್ಟು ತೂಕ ಸುಮಾರು 977 ಕ್ವಿಂಟಲ್. ಅಂದರೆ 23 ಕ್ವಿಂಟಲ್ ಹತ್ತಿರ ಕಮ್ಮಿ. 50 ಕೆಜಿ ಚೀಲದಲ್ಲಿ ಹೇಳುವುದಾದರೆ 45 ಚೀಲ. ಒಂದು ಕಾಳೂ ಯಾರೂ ಮುಟ್ಟಿಲ್ಲ. ನೀರು ಆರಿದೆ, ಅಷ್ಟೇ.

ಆದ್ದರಿಂದ ಮೊದಲು ಕೇಳಬೇಕಾದ್ದು: ಒಳಗೆ ಬಂದಾಗಿನ ತೇವಾಂಶ ಎಷ್ಟು, ಹೊರಗೆ ಹೋದಾಗಿನದು ಎಷ್ಟು, ಎರಡೂ ರಿಜಿಸ್ಟರಿನಲ್ಲಿ ಇದೆಯಾ? ನಿಮ್ಮ ನಿಗಮ ಒಪ್ಪಿಕೊಂಡಿರುವ ಸಂಗ್ರಹಣಾ ನಷ್ಟದ ಮಿತಿ ಏನು, ಅದನ್ನು ಕಳೆದಿದ್ದಾರಾ? ಒಳಗೆ ತೂಗಿದ ವೇಬ್ರಿಡ್ಜ್, ಹೊರಗೆ ತೂಗಿದ ವೇಬ್ರಿಡ್ಜ್ ಒಂದೇನಾ? ಖಾಲಿ ಚೀಲದ ತೂಕ ಎರಡು ಸಲವೂ ಒಂದೇ ರೀತಿ ಕಳೆದಿದ್ದಾರಾ? ನೀವು ಚಾರ್ಜ್ ತೆಗೆದುಕೊಂಡ ದಿನ ಮಾಲು ತೂಗಿ ಕೊಟ್ಟರಾ, ಬರೀ ಚೀಲ ಎಣಿಸಿ ಕೊಟ್ಟರಾ? ಈ ಕೊನೇ ಪ್ರಶ್ನೆ ತುಂಬಾ ಮುಖ್ಯ. ಹಿಂದಿನವರ ಕಾಲದ ಕೊರತೆ ಚಾರ್ಜ್ ಪಟ್ಟಿಯೊಳಗೆ ಸೇರಿಕೊಂಡು ನಿಮ್ಮ ತಲೆಗೆ ಬರುವುದು ಇಲ್ಲೇ.

ನಿಜವಾಗಿಯೂ ಮಾಲು ಕಾಣೆಯಾಗಿದ್ದರೆ ಈ ಯಾವ ಲೆಕ್ಕವೂ ಕಾಪಾಡುವುದಿಲ್ಲ. 1000 ಕ್ವಿಂಟಲಿನಲ್ಲಿ 200 ಕ್ವಿಂಟಲ್ ಇಲ್ಲ ಅಂದರೆ ಅದು ತೇವಾಂಶ ಅಲ್ಲ. ಅದು ಪಡಿತರದ ಸಾಲಿನಲ್ಲಿ ನಿಂತವರ ಪಾಲು. ಅದನ್ನು ಮುಚ್ಚಿಡಲು ನಾನು ಉತ್ತರ ಬರೆದುಕೊಡುವುದಿಲ್ಲ.

ಆಡಿಟ್‌ನವರು ಬರೆದಾಗಿದೆ. ಇನ್ನು ಏನು ಮಾಡಲು ಬರುತ್ತೆ?

ತುಂಬಾ ಮಾಡಬಹುದು. ಆಡಿಟ್ ಆಕ್ಷೇಪ ಒಂದು ಪ್ರಶ್ನೆ, ತೀರ್ಪಲ್ಲ. ನಷ್ಟ ಆಗಿದೆ ಅನ್ನುವುದು ಬೇರೆ, ಅದು ನಿಮ್ಮಿಂದ ಆಗಿದೆ ಅನ್ನುವುದು ಬೇರೆ. ಆಡಿಟ್‌ನವರು ಹೆಚ್ಚೆಂದರೆ ಮೊದಲನೆಯದನ್ನು ಹೇಳಬಲ್ಲರು. ಎರಡನೆಯದಕ್ಕೆ ವಿಚಾರಣೆಯೇ ಬೇಕು. ವಿಚಾರಣೆಯಲ್ಲೂ ಸುಮ್ನೆ ಕಾಗದ ತಂದಿಟ್ಟರೆ ಸಾಲದು. ಅದನ್ನು ಬರೆದವರು ಬಂದು ಹೇಳಬೇಕು, ನೀವು ಅವರನ್ನು ಪ್ರಶ್ನೆ ಮಾಡುವ ಹಾಗಿರಬೇಕು. ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಡಿಸೆಂಬರಿನಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಿತು. ವಿಚಾರಣಾಧಿಕಾರಿಯ ವರದಿಯ ಪ್ರತಿಯನ್ನು ಶಿಕ್ಷೆಗೆ ಮುಂಚೆ ನಿಮಗೆ ಕೊಡಬೇಕು. ಇದು 1993ರ ಇಸಿಐಎಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿದ ಹಕ್ಕು.

ನಾನು ಕರೆಂಟ್ ಕಂಪನಿಯಲ್ಲಿದ್ದೇನೆ. ಕಡಿಮೆ ಬಿಲ್ ಆಗಿದ್ದ ಮೊತ್ತ ನನ್ನಿಂದ ಕೇಳುತ್ತಿದ್ದಾರೆ.

ಮೀಟರಿನ ಗುಣಕ (ರೀಡಿಂಗನ್ನು ಗುಣಿಸುವ ಸಂಖ್ಯೆ) ತಪ್ಪು ಹಾಕಿದ್ದೋ, ಟ್ಯಾರಿಫ್ ತಪ್ಪು ಹಾಕಿದ್ದೋ, ವರ್ಷಗಟ್ಟಲೆ ಆದ ಮೇಲೆ ಆಡಿಟ್‌ನಲ್ಲಿ ಸಿಗುತ್ತದೆ. ಕರೆಂಟ್ ಬಳಸಿದವನು ಗ್ರಾಹಕ. ಮೊದಲು ಕೇಳಬೇಕಾದ್ದು ಅವನನ್ನೇ. 2003ರ ವಿದ್ಯುತ್ ಕಾಯ್ದೆಯ 56(2)ನೇ ಕಲಂ ಎರಡು ವರ್ಷದ ಮಿತಿ ಹಾಕಿದೆ, ಇನ್ನು ವಸೂಲಿ ಆಗಲ್ಲ, ಹಾಗಾಗಿ ನೀನೇ ಕಟ್ಟು ಅನ್ನುತ್ತಾರೆ. ಆದರೆ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ತಪ್ಪು ಗೊತ್ತಾದ ಮೇಲೆ ಹೆಚ್ಚುವರಿ ಬಿಲ್ ಕೊಡಬಹುದು, ಲೈನ್ ಕಟ್ ಮಾಡುವಂತಿಲ್ಲ, ಕಾನೂನಿನ ಬೇರೆ ದಾರಿಯಲ್ಲಿ ವಸೂಲಿ ಮಾಡಬಹುದು. ಗ್ರಾಹಕನಿಗೆ ಬಿಲ್ಲನ್ನೇ ಕೊಡದೆ ನಿಮ್ಮ ಸಂಬಳಕ್ಕೆ ಕೈ ಹಾಕಿದ್ದರೆ, ನಷ್ಟ ಇನ್ನೂ ಆಗಿಯೇ ಇಲ್ಲ ಅಂತ ಬರೆಯಿರಿ.

ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟ ಕೇಸುಗಳೂ ಬರುತ್ತವೆ. ಓವರ್‌ಲೋಡ್ ಆಗಿದೆ ಅಂತ ನೀವು ಮುಂಚೆ ಬರೆದ ಪತ್ರ ಇದ್ದರೆ ಅದೇ ನಿಮ್ಮ ರಕ್ಷೆ. ಬಾಯಲ್ಲಿ ಹೇಳಿದ್ದರೆ ಏನೂ ಇಲ್ಲ.

ಬಸ್ಸಿನ ಕಂಡಕ್ಟರ್, ಡ್ರೈವರ್‌ಗಳ ಕಥೆ?

ಕಂಡಕ್ಟರ್‌ಗೆ ಟಿಕೆಟ್ ಹಣದ ವಿಷಯದಲ್ಲಿ ಕೋರ್ಟು ಸಡಿಲ ಬಿಡುವುದಿಲ್ಲ. ಟಿಕೆಟ್ ಕೊಡದ ಪ್ರಯಾಣಿಕರನ್ನೇ ಕರೆತಂದು ಸಾಕ್ಷಿ ಹೇಳಿಸಬೇಕಾಗಿಲ್ಲ, ಚೆಕಿಂಗ್‌ನವರ ಸಾಕ್ಷಿ ಸಾಕು ಎಂದು ಹರಿಯಾಣದ ಒಂದು ಕೇಸಿನಲ್ಲಿ 1977ರಲ್ಲೇ ತೀರ್ಮಾನವಾಗಿದೆ. ಆದ್ದರಿಂದ ವೇಬಿಲ್ (ಟಿಕೆಟ್ ಲೆಕ್ಕದ ಹಾಳೆ), ಮೆಷಿನ್ ಕೆಟ್ಟದ್ದನ್ನು ಡಿಪೋಗೆ ಫೋನ್ ಮಾಡಿ ತಿಳಿಸಿದ ಹೊತ್ತು, ಜನ ಎಷ್ಟಿದ್ದರು ಅನ್ನುವುದನ್ನು ಸ್ಥಳದಲ್ಲೇ ಮೆಮೋ ಮೇಲೆ ಬರೆದು ಸಹಿ ಹಾಕಬೇಕು. ಆಮೇಲೆ ಹೇಳಿದ್ದಕ್ಕೆ ಬೆಲೆ ಕಮ್ಮಿ.

ಡ್ರೈವರ್‌ಗಳು ಮೊತ್ತ ಹೇಗೆ ಹಾಕಿದ್ದಾರೆ ಅಂತ ನೋಡಬೇಕು. ಏಳು ವರ್ಷ ಓಡಿದ ಬಸ್ಸಿನ ಮುಂದಿನ ಗಾಜಿಗೆ ಹೊಸ ಗಾಜಿನ ರೇಟು, ಕೂಲಿ ಎಲ್ಲಾ ಹಾಕಿರುತ್ತಾರೆ. ಸವಕಳಿ ಕಳೆದಿದ್ದೀರಾ ಅಂತ ಕೇಳುವುದು ನಿಮ್ಮ ಹಕ್ಕು.

ನಷ್ಟ ಅಲ್ಲ, ಸಂಬಳವೇ ಜಾಸ್ತಿ ಕೊಟ್ಟಿದ್ದೆವು, ವಾಪಸ್ ಕೊಡು ಅಂತಿದ್ದಾರೆ.

ಇದು ಬೇರೆ ಜಾತಿಯ ಕೇಸು, ಇದಕ್ಕೆ ರಕ್ಷಣೆಯೂ ಹೆಚ್ಚು. 2014ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ರಫೀಕ್ ಮಸೀಹ್ ತೀರ್ಪನ್ನು ವಕೀಲರೆಲ್ಲಾ ಬಾಯಲ್ಲೇ ಹೇಳುತ್ತಾರೆ. ಸಿ ಮತ್ತು ಡಿ ದರ್ಜೆಯ ನೌಕರರಿಂದ, ನಿವೃತ್ತರಾದವರಿಂದ ಅಥವಾ ಇನ್ನೊಂದು ವರ್ಷದಲ್ಲಿ ನಿವೃತ್ತರಾಗುವವರಿಂದ, ಐದು ವರ್ಷಕ್ಕಿಂತ ಹೆಚ್ಚು ಕಾಲ ಹಾಗೇ ಕೊಡುತ್ತಾ ಬಂದಿದ್ದರೆ, ಮೇಲಿನ ಹುದ್ದೆಯ ಕೆಲಸ ತಪ್ಪಾಗಿ ಮಾಡಿಸಿಕೊಂಡು ಅದರ ಸಂಬಳ ಕೊಟ್ಟಿದ್ದರೆ, ವಾಪಸ್ ಕೇಳುವಂತಿಲ್ಲ. ಇದಲ್ಲದೆ ವಸೂಲಿ ಮಾಡಿದರೆ ತೀರಾ ಅನ್ಯಾಯ ಅಂತ ಕೋರ್ಟಿಗೆ ಕಂಡ ಕಡೆಯೂ ಅಷ್ಟೇ.

ಒಂದು ಅಪವಾದ ಇದೆ. ‘ಹೆಚ್ಚು ಬಂದಿದ್ದರೆ ಹಿಂತಿರುಗಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರೆ ವಸೂಲಿ ಮಾಡಬಹುದು ಅಂತ 2016ರಲ್ಲಿ ಅದೇ ಕೋರ್ಟ್ ಹೇಳಿತು. ವೇತನ ಪರಿಷ್ಕರಣೆಯ ಹೊತ್ತಿನಲ್ಲಿ ಕಚೇರಿಯವರು ಕೊಟ್ಟ ಫಾರಂಗೆ ಓದದೆ ಸಹಿ ಹಾಕಿರುತ್ತೀರಿ. ಸೇವಾ ಪುಸ್ತಕ ತೆಗೆಸಿ ನೋಡಿ. ಮತ್ತೆ ಇದು ನೆನಪಿರಲಿ: ಹಣ ಕಾಣೆಯಾದ ಕೇಸಿಗೆ ಈ ತೀರ್ಪು ಹಿಡಿದುಕೊಂಡು ಹೋದರೆ ಪ್ರಯೋಜನ ಇಲ್ಲ. ಅದು ಕಚೇರಿಯ ಲೆಕ್ಕದ ತಪ್ಪಿಗೆ ಮಾತ್ರ.

ನಿವೃತ್ತಿಗೆ ಮೂರು ತಿಂಗಳಿದೆ. ಗ್ರ್ಯಾಚುಟಿ ತಡೆಹಿಡಿಯುತ್ತೇವೆ ಅಂತಿದ್ದಾರೆ.

ಅತಿ ಹೆಚ್ಚು ಜನ ನೊಂದುಕೊಂಡು ಬರುವುದು ಈ ಪ್ರಶ್ನೆಗೇ. ಮಗಳ ಮದುವೆ, ಮನೆ ಸಾಲ ಎಲ್ಲಾ ಆ ದುಡ್ಡಿನ ಮೇಲೆ ನಿಂತಿರುತ್ತದೆ.

ನಿವೃತ್ತಿಯ ನಂತರ ನಿಗಮಕ್ಕೆ ಏನು ಅಧಿಕಾರ ಇದೆ ಅನ್ನುವುದು ಅದರ ನಿಯಮಾವಳಿಯಲ್ಲಿ ಬರೆದಿರಬೇಕು. ಒಡಿಶಾ ರಾಜ್ಯ ಹಣಕಾಸು ನಿಗಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಇದನ್ನೇ ಹೇಳಿತು: ನಿವೃತ್ತಿ ನಂತರ ವಿಚಾರಣೆ ಮುಂದುವರಿಸಲು ನಿಯಮವೇ ಇಲ್ಲದಿದ್ದರೆ ವಿಚಾರಣೆ ಬಿದ್ದುಹೋಗುತ್ತದೆ, ಪೂರ್ತಿ ಹಣ ಕೊಡಬೇಕು. ಹಾಗಾಗಿ ಮೊದಲು ನಿಮ್ಮ ನಿಗಮದ ನಿಯಮಾವಳಿ ಪುಸ್ತಕ ತನ್ನಿ. ರಾಜ್ಯ ಸರ್ಕಾರಿ ನೌಕರರಿಗಾದರೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ) 214ನೇ ನಿಯಮ ಇದೆ. ಅದರಲ್ಲೂ ನಿವೃತ್ತಿಯ ನಂತರ ಹೊಸದಾಗಿ ವಿಚಾರಣೆ ಶುರು ಮಾಡುವುದಾದರೆ, ಘಟನೆ ನಾಲ್ಕು ವರ್ಷಕ್ಕಿಂತ ಹಳೆಯದಾಗಿರಬಾರದು. ನಿಮ್ಮ ನಿಗಮ ಈ ನಿಯಮ ಅಳವಡಿಸಿಕೊಂಡಿದೆಯಾ ನೋಡಿ.

ಗ್ರ್ಯಾಚುಟಿಗೆ ಇನ್ನೂ ಗಟ್ಟಿ ಬೇಲಿ ಇದೆ. 1972ರ ಗ್ರ್ಯಾಚುಟಿ ಕಾಯ್ದೆಯ 4(6)ನೇ ಕಲಂ ಪ್ರಕಾರ, ನಷ್ಟದ ಕೇಸಿನಲ್ಲಿ ಆ ಕಾರಣಕ್ಕೇ ಕೆಲಸದಿಂದ ತೆಗೆದಿದ್ದರೆ ಮಾತ್ರ, ಆ ನಷ್ಟದ ಮೊತ್ತದಷ್ಟನ್ನು ಮಾತ್ರ ಹಿಡಿಯಬಹುದು. 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಸುಮ್ನೆ ‘ಬಾಕಿ ಇದೆ’ ಅಂತ ಹಿಡಿಯುವಂತಿಲ್ಲ.

ಆದರೆ ಪೂರ್ತಿ ನಿರಾಳ ಆಗಬೇಡಿ. ನಿವೃತ್ತಿಗೆ ಮುಂಚೆಯೇ ವಿಚಾರಣೆ ಶುರುವಾಗಿದ್ದು, ನಿಯಮದಲ್ಲಿ ಅವಕಾಶ ಇದ್ದರೆ, ಅದು ಮುಗಿಯುವವರೆಗೆ ಗ್ರ್ಯಾಚುಟಿ ತಡೆಯಬಹುದು, ನಿವೃತ್ತಿಯ ನಂತರವೂ ವಜಾ ಮಾಡಬಹುದು ಅಂತ 2020ರ ಮೇ ತಿಂಗಳಲ್ಲಿ ಮಹಾನದಿ ಕೋಲ್‌ಫೀಲ್ಡ್ಸ್ ಪ್ರಕರಣದಲ್ಲಿ ತೀರ್ಪಾಗಿದೆ. 2025ರ ಫೆಬ್ರುವರಿಯ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ನೈತಿಕ ಅಧಃಪತನದ ಕೇಸಿನಲ್ಲಿ ಗ್ರ್ಯಾಚುಟಿ ಮುಟ್ಟುಗೋಲಿಗೆ ಕ್ರಿಮಿನಲ್ ಶಿಕ್ಷೆ ಆಗಿರಲೇಬೇಕಿಲ್ಲ ಅಂದಿತು. ಅದರಲ್ಲಿ ಮಹಾರಾಷ್ಟ್ರದ ಬಸ್ ಕಂಡಕ್ಟರ್‌ಗಳೂ ಇದ್ದರು. ಅವರ ಕೇಸಿನಲ್ಲಿ ಹೋದ ಹಣ ಸಣ್ಣದು ಎಂದು ಮುಟ್ಟುಗೋಲನ್ನು ಶೇ. 25ಕ್ಕೆ ಇಳಿಸಿತು.

ಸಾರ್ವಜನಿಕರ ದುಡ್ಡು ಹೋದರೆ ಯಾರಾದರೂ ಕಟ್ಟಲೇಬೇಕಲ್ಲ? ನೀವು ನೌಕರರ ಪರವೇ ಮಾತಾಡುತ್ತೀರಿ.

ಕಟ್ಟಲೇಬೇಕು. ನನಗೂ ಅದರಲ್ಲಿ ಎರಡನೇ ಮಾತಿಲ್ಲ. ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ, ಜನರಿಗೆ ಕಿರುಕುಳ ಕೊಟ್ಟ ಅಧಿಕಾರಿಗಳಿಂದಲೇ ಪರಿಹಾರದ ಹಣ ವಸೂಲಿ ಮಾಡಿ ಎಂದಿತು. ಆ ತೀರ್ಪು ನನಗೆ ಇಷ್ಟ. ನನ್ನ ಸಂಕಟ ಬೇರೆ. ನಾನು ಕಂಡ ಹೆಚ್ಚಿನ ಕಡತಗಳಲ್ಲಿ ಆದೇಶ ಕೊಟ್ಟವರ ಹೆಸರು ಮೊದಲ ಪುಟದಲ್ಲಿ ಇತ್ತು, ಕೊನೆಯ ಪುಟದಲ್ಲಿ ಇರಲಿಲ್ಲ. ಕೊನೆಯ ಪುಟದಲ್ಲಿ ಉಳಿದದ್ದು ಗೋದಾಮಿನ ಕಾವಲುಗಾರ, ಗುಮಾಸ್ತ, ಲೈನ್‌ಮನ್. ಒಂದೇ ನಷ್ಟಕ್ಕೆ ಐದು ಜನ ಸಹಿ ಹಾಕಿದ್ದರೆ ಐದೂ ಜನರ ಪಾಲು ಎಷ್ಟೆಷ್ಟು, ಯಾಕೆ ಅಂತ ಬರೆಯಲಿ.

ಕೋರ್ಟು ಎಲ್ಲಿ? ಕೆಎಸ್‌ಎಟಿಗೆ ಹೋಗಬೇಕಾ, ಹೈಕೋರ್ಟಿಗಾ?

ಸರ್ಕಾರಿ ನೌಕರರಾಗಿ ನಿಗಮಕ್ಕೆ ನಿಯೋಜನೆ ಮೇಲೆ ಬಂದಿದ್ದರೆ ಸಾಮಾನ್ಯವಾಗಿ ಕೆಎಸ್‌ಎಟಿ, ಅಂದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ನಿಗಮದ ಸ್ವಂತ ನೌಕರರಾದರೆ ಮೊದಲು ನಿಯಮಾವಳಿಯಲ್ಲಿರುವ ಮೇಲ್ಮನವಿ, ಆಮೇಲೆ ಹೈಕೋರ್ಟಿನಲ್ಲಿ ರಿಟ್. ನಿಗಮವೂ ಸಂವಿಧಾನದ 12ನೇ ವಿಧಿಯ ಪ್ರಕಾರ ‘ರಾಜ್ಯ’ವೇ ಎಂದು 1975ರಲ್ಲಿ ತೀರ್ಮಾನವಾದ್ದರಿಂದ ಈ ದಾರಿ ಇದೆ. ಕಾರ್ಮಿಕ ಅನ್ನುವ ವ್ಯಾಖ್ಯೆಗೆ ಬರುವವರಿಗೆ ಕಾರ್ಮಿಕ ಕಾನೂನಿನ ದಾರಿಯೂ ಉಂಟು.

ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರು ಪ್ರಧಾನ ಪೀಠಕ್ಕೆ ಸೇರಿವೆ. ಧಾರವಾಡ ಹತ್ತಿರ ಅಂತ ಅಲ್ಲಿಗೆ ಹೋಗಿ ವಾಪಸ್ ಬಂದವರಿದ್ದಾರೆ. ಪಕ್ಕದ ಹಾವೇರಿಯವರು ಧಾರವಾಡಕ್ಕೆ ಹೋಗುತ್ತಾರೆ, ನಾವು ಬೆಂಗಳೂರಿಗೆ.

ಹೈಕೋರ್ಟು ಇಡೀ ಸಾಕ್ಷಿಯನ್ನು ಮತ್ತೆ ಮೊದಲಿನಿಂದ ತೂಗುವುದಿಲ್ಲ. ವಿಚಾರಣೆ ನ್ಯಾಯವಾಗಿ ನಡೆಯಿತಾ, ಏನಾದರೂ ಸಾಕ್ಷಿ ಇತ್ತಾ, ಅಧಿಕಾರ ಇದ್ದವರೇ ಆದೇಶ ಮಾಡಿದರಾ ಅಂತ ನೋಡುತ್ತದೆ. ಅದಕ್ಕೇ ಹೇಳುವುದು, ಕೇಸ್ ಗೆಲ್ಲುವುದು ಸೋಲುವುದು ಬಹುಪಾಲು ವಿಚಾರಣೆಯ ಮಟ್ಟದಲ್ಲೇ.

ಕ್ರಿಮಿನಲ್ ಕೇಸಿನಲ್ಲಿ ಖುಲಾಸೆ ಆಯಿತು. ವಸೂಲಿ ತಾನಾಗಿ ಬಿದ್ದುಹೋಗುತ್ತಾ?

ತಾನಾಗಿ ಬೀಳುವುದಿಲ್ಲ. ಎರಡಕ್ಕೂ ಸಾಕ್ಷಿಯ ಅಳತೆ ಬೇರೆ. ಆದರೂ ತೀರ್ಪಿನ ಪ್ರತಿಯನ್ನು ಮೇಲ್ಮನವಿಗೆ ಲಗತ್ತಿಸಿ.

ನಮ್ಮ ಯಜಮಾನ್ರು ತೀರಿಕೊಂಡರು. ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಕಚೇರಿಯವರು ನನ್ನ ಹತ್ತಿರ ದುಡ್ಡು ಕೇಳ್ತಿದ್ದಾರೆ.

ಅಮ್ಮಾ, ಯಾವುದಕ್ಕೂ ಸಹಿ ಹಾಕಬೇಡಿ. ನೌಕರ ತೀರಿಕೊಂಡರೆ ಶಿಸ್ತು ವಿಚಾರಣೆ ಅಲ್ಲಿಗೇ ಮುಗಿಯಿತು. ಉತ್ತರ ಹೇಳಬೇಕಾದವರೇ ಇಲ್ಲದ ಮೇಲೆ ಅವರನ್ನು ತಪ್ಪಿತಸ್ಥ ಅಂತ ಬರೆಯಲು ಬರುವುದಿಲ್ಲ. ನಿಗಮಕ್ಕೆ ಬಾಕಿ ಇದೆ ಅನ್ನಿಸಿದರೆ ಸಿವಿಲ್ ದಾವೆ ಹಾಕಲಿ. ಅದಕ್ಕೂ ಸಾಮಾನ್ಯವಾಗಿ ಮೂರು ವರ್ಷದ ಮಿತಿ ಇದೆ. ಅಲ್ಲಿ ಗೆದ್ದರೂ ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನೀವು ಹೊಣೆ. ನಿಮ್ಮ ಸ್ವಂತ ದುಡಿಮೆಯ ಹಣಕ್ಕೆ, ತವರಿನಿಂದ ಬಂದ ಒಡವೆಗೆ ಕೈ ಹಾಕುವಂತಿಲ್ಲ. ಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ ಅಂತ 1952ರ ಭವಿಷ್ಯನಿಧಿ ಕಾಯ್ದೆಯ ಕಾಲದಿಂದಲೂ ಇದೆ.

ಮರಣ ಪ್ರಮಾಣಪತ್ರ, ನಾಮಿನಿ ಕಾಗದ, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಇಟ್ಟು, ಬರಬೇಕಾದ ಹಣವನ್ನೆಲ್ಲಾ ಪಟ್ಟಿ ಮಾಡಿ ಒಂದು ಅರ್ಜಿ ಕೊಡಿ. ಹಿಡಿದಿಟ್ಟ ಹಣ ಯಾವ ನಿಯಮದ ಪ್ರಕಾರ ಹಿಡಿದಿದ್ದೀರಿ ಅಂತ ಕೊನೆಗೆ ಒಂದು ಸಾಲು ಬರೆಯಿರಿ. ಬರೆಯಲು ಆಗದಿದ್ದರೆ ಮಗನನ್ನೋ ಮಗಳನ್ನೋ ಕರೆದುಕೊಂಡು ಬೆಳಿಗ್ಗೆ ಹತ್ತರ ಮೇಲೆ ಮನೆಗೆ ಬನ್ನಿ. ಬರುವಾಗ ಅವರು ಕೂಡಿಟ್ಟ ಹಳೆಯ ಕಾಗದ ಒಂದನ್ನೂ ಬಿಡದೆ ತನ್ನಿ.